ಆ್ಯಸಿಡ್ ಗಟಾರಕ್ಕೆ ಹೋಯ್ತಾ? ಮೊದಲು ಫೋನ್ ಮಾಡಿ

ಕಲಬುರಗಿಯ ಕಪನೂರು ಕಡೆ ನನ್ನದೊಂದು ಬ್ಯಾಟರಿ ಅಂಗಡಿ. ಆ್ಯಸಿಡ್ ಕ್ಯಾನ್ ಉರುಳುವುದು ನಮ್ಮ ಕಸುಬಿನಲ್ಲಿ ಹೊಸದಲ್ಲ. ಅದು ಒಳಚರಂಡಿಗೆ ಇಳಿದರೆ ಏನು ಮಾಡಬೇಕೆಂದು ನಮ್ಮ ಹುಡುಗರಿಗೆ ಹೇಳಿಕೊಟ್ಟಿದ್ದು ಇಷ್ಟು.

ಮೊದಲು ಕ್ಯಾನ್ ನೆಟ್ಟಗೆ ಮಾಡಿ. ಕೈಗವಸು ಹಾಕಿಕೊಂಡು ಗಟಾರದ ಬಾಯಿಗೆ ಮರಳು ಒಡ್ಡಿ. ಬಕೆಟ್‌ಗಟ್ಟಲೆ ನೀರು ಸುರಿದು ತೊಳೆಯಬೇಡಿ, ಉಳಿದದ್ದೂ ಒಳಗೆ ಹೋಗುತ್ತದೆ ಅಷ್ಟೇ. ಬ್ಲೀಚಿಂಗ್ ಪುಡಿಯಂತೂ ಬೇಡವೇ ಬೇಡ, ಆ್ಯಸಿಡ್ ಜೊತೆ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ.

ಆಮೇಲೆ ಫೋನ್. ಯಾರಿಗಾದರೂ ಉಸಿರು ಕಟ್ಟಿದರೆ, ಮೈ ಸುಟ್ಟರೆ 112. ಇಲ್ಲವಾದರೆ ಮಹಾನಗರ ಪಾಲಿಕೆಯ ಒಳಚರಂಡಿ ವಿಭಾಗಕ್ಕೆ, ಜೊತೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ. 1974ರ ಜಲ ಕಾಯ್ದೆಯ 31ನೇ ಕಲಂ ಪ್ರಕಾರ, ಕಾರ್ಖಾನೆ, ವರ್ಕ್‌ಶಾಪಿನಂಥ ಕಡೆ ಹೀಗಾದರೆ ಉಸ್ತುವಾರಿ ಇರುವವರೇ ಕೂಡಲೇ ಮಂಡಳಿಗೆ ತಿಳಿಸಬೇಕು. ಏನು ಚೆಲ್ಲಿತು, ಅಂದಾಜು ಎಷ್ಟು ಲೀಟರ್, ಎಷ್ಟು ಗಂಟೆಗೆ, ಯಾವ ಮ್ಯಾನ್‌ಹೋಲ್ ಹತ್ತಿರ ಅಂತ ಹೇಳಿ. ಕ್ಯಾನಿನ ಲೇಬಲ್ ಫೋಟೋ ಕಳಿಸಿ. ದೂರು ನಂಬರ್ ಬರೆದಿಟ್ಟುಕೊಳ್ಳಿ.

ದಂಡ ಬೀಳುತ್ತೆ ಅಂತ ಕಡಿಮೆ ಲೆಕ್ಕ ಹೇಳುವವರಿದ್ದಾರೆ. ಆದರೆ ಚರಂಡಿಯ ಕೊಳೆಯಲ್ಲಿ ಸಲ್ಫೈಡ್ ಇರುತ್ತದಲ್ವಾ, ಆ್ಯಸಿಡ್ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಆಗಲೇ ಜೀವ ಹೋಗುವ ಅಪಾಯ. ಕೆಳಗಿನ ಓಣಿಯಲ್ಲಿ ಯಾರಾದರೂ ಚೇಂಬರ್ ಮುಚ್ಚಳ ತೆಗೆಯುತ್ತಿರಬಹುದು. ಹಾಗಾಗಿ ಫೋನಿನಲ್ಲಿ ಮೊದಲ ಮಾತೇ, 'ಆ ಲೈನಿನಲ್ಲಿ ಕೆಲಸ ನಿಲ್ಲಿಸಿ' ಅಂತ ಇರಲಿ. ನೀವೂ ಸುಮ್ನೆ ಮುಚ್ಚಳ ಎತ್ತಿ ಇಣುಕಬೇಡಿ.