ಕಾರಾಪುರದ ಸಾಬುವನ್ನು ನಾನು ರಂಗಕ್ಕೆ ತಂದ ಬಗೆ

ಸಿನಿಮಾ ನಟ ಸಾಬು ಹೆಸರೆತ್ತಿದರೆ ಮೈಸೂರಿನ ಜನ ಒಂದೇ ಉಸಿರಲ್ಲಿ ಕಥೆ ಮುಗಿಸಿಬಿಡುತ್ತಾರೆ. ಮಾವುತನ ಮಗ, ಆನೆಲಾಯದಿಂದ ಹಾಲಿವುಡ್‌ಗೆ ಹೋದ, ಪುಣ್ಯವಂತ. ಬರೀ ಅದೃಷ್ಟದ ಕಥೆಯಾಗಿದ್ದರೆ ಅದರಲ್ಲಿ ನಟನಿಗೆ ಮಾಡೋಕೇನಿದೆ? ಏಕವ್ಯಕ್ತಿ ನಾಟಕ ಕಟ್ಟಲು ಕೂತಾಗ ನನ್ನನ್ನು ಹಿಡಿದದ್ದು ಬೇರೆ ಸಾಬು. ಕೆಲಸ ಬಲ್ಲ ಹುಡುಗ.

ಮೊದಲು ಅವನ ಸಿನಿಮಾಗಳನ್ನು ವರ್ಷದ ಕ್ರಮದಲ್ಲಿ, ಸದ್ದು ಮುಚ್ಚಿ ನೋಡಿದೆ. ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ತಂಡ ಮೈಸೂರಿಗೆ ಬಂದು ತೆಗೆದ ‘ಎಲಿಫೆಂಟ್ ಬಾಯ್’ 1937ರದ್ದು. ಸಾಬು ಹುಟ್ಟಿದ್ದು 1924ರಲ್ಲಿ. ಅಂದರೆ ತೆರೆಯ ಮೇಲಿರೋದು ಇನ್ನೂ ಪುಟ್ಟ ಹುಡುಗ. ಆದರೆ ಆನೆ ಹತ್ತಿರ ಹೋದ ಕೂಡಲೇ ಅವನ ಮೈ ಬದಲಾಗುತ್ತೆ. ಒಂಚೂರೂ ಅಳುಕಿಲ್ಲ.

ಇದನ್ನು ಮೈಗೆ ತಂದುಕೊಳ್ಳೋಕೆ ದಸರಾ ಹೊತ್ತಿನಲ್ಲಿ ಅರಮನೆ ಆವರಣದಲ್ಲಿ ಬೀಡುಬಿಟ್ಟಿದ್ದ ಮಾವುತರನ್ನು, ಅವರ ಸಹಾಯಕರಾದ ಕಾವಾಡಿಗಳನ್ನು ಕಾಡಿದೆ. ಕತ್ತಿನ ಮೇಲೆ ಕೂತವನ ಕೈಗೆ ಹೆಚ್ಚು ಕೆಲಸವಿಲ್ಲ. ಕಿವಿ ಹಿಂದೆ ಇಳಿಬಿಟ್ಟ ಕಾಲೇ ಆನೆ ಜೊತೆ ಮಾತಾಡೋದು. ಹೆಬ್ಬೆರಳು ಒತ್ತಬೇಕು, ಸೊಂಟ ಸಡಿಲವಾಗಿರಬೇಕು, ಬೆನ್ನು ಮಾತ್ರ ನೆಟ್ಟಗಿರಬೇಕು. ರಂಗದ ಮೇಲೆ ನನಗಿದ್ದದ್ದು ಒಂದು ಎತ್ತರದ ಸ್ಟೂಲು. ಅದರ ಮೇಲೆ ಕೂತು ಬರೀ ಕಾಲ್ಬೆರಳಲ್ಲಿ ಆನೆ ನಡೆಸೋದನ್ನು ಕಲಿತೆ. ಮುಂದಿನ ಸಾಲಿನ ಮಕ್ಕಳು ನನ್ನ ಮುಖ ಬಿಟ್ಟು ಪಾದವನ್ನೇ ನೋಡುತ್ತಾರೆ!

‘ದಿ ಥೀಫ್ ಆಫ್ ಬಾಗ್ದಾದ್’ (1940) ಶೂಟಿಂಗ್ ಇಂಗ್ಲೆಂಡಿನಲ್ಲಿ ಶುರುವಾಗಿ, ಯುದ್ಧದ ಕಾರಣ ಹಾಲಿವುಡ್‌ನಲ್ಲಿ ಮುಗಿಯಿತು. ಸಾಬು ಅಮೆರಿಕಕ್ಕೆ ಹೋದದ್ದು ಹಾಗೆ. ಅದರಲ್ಲಿ ಬಾಟಲಿಯಿಂದ ಎದ್ದ ದೈತ್ಯ ಮೂರು ವರ ಕೊಡ್ತೀನಿ ಅಂದಾಗ, ಹಸಿದ ಹುಡುಗ ಮೊದಲು ಕೇಳೋದು ಅಮ್ಮ ಮಾಡ್ತಿದ್ದಂಥ ಸಾಸೇಜು. ಸಾಬು ಚಿಕ್ಕಂದಿನಲ್ಲೇ ತಬ್ಬಲಿಯಾದವನು ಅಂತ ಗೊತ್ತಿದ್ದರೆ ಆ ತಮಾಷೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ನಾನದನ್ನು ನಗಿಸೋ ಹಾಗೇ ಆಡುತ್ತೇನೆ. ಅಳಿಸೋಕೆ ಹೋದರೆ ಕೆಟ್ಟುಹೋಗುತ್ತೆ.

‘ಜಂಗಲ್ ಬುಕ್’ನ ಮೌಗ್ಲಿ ಪಾತ್ರ ಎಲ್ಲರಿಗೂ ಗೊತ್ತಿರೋದೇ, ಹಾಗಾಗಿ ಅದಕ್ಕೆ ಜಾಸ್ತಿ ಹೊತ್ತು ಕೊಟ್ಟಿಲ್ಲ. ಆಮೇಲೆ ಯೂನಿವರ್ಸಲ್‌ಗೆ ಮಾಡಿದ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’ಗಳಲ್ಲಿ ಬಣ್ಣ ಜಾಸ್ತಿ, ಪಾತ್ರ ಕಮ್ಮಿ. ಮರಿಯಾ ಮೊಂಟೆಜ್ ಮತ್ತು ಜಾನ್ ಹಾಲ್ ನಾಯಕಿ ನಾಯಕ, ಇವನು ಜೊತೆಗಾರ. ಮೂರೂ ಸೇರಿ ನನ್ನ ನಾಟಕದಲ್ಲಿ ಒಂದು ರುಮಾಲು ಬಿಚ್ಚಿ ಸುತ್ತೋವಷ್ಟು ಹೊತ್ತು, ಅಷ್ಟೇ.

ನಾನು ಹೆಚ್ಚು ಹೊತ್ತು ನಿಂತಿದ್ದು ಯುದ್ಧದ ಹತ್ತಿರ. 1944ರಲ್ಲಿ ಅಮೆರಿಕದ ಪೌರನಾದ ಸಾಬು ಅಲ್ಲಿನ ಸೇನೆಯ ವಾಯುಪಡೆ ಸೇರಿ, ಪೆಸಿಫಿಕ್‌ನಲ್ಲಿ ಬಿ-24 ಬಾಂಬರ್‌ನ ಗನ್ನರ್ ಆದ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕವೂ ಬಂತು. ತೆರೆಯ ಮೇಲೆ ಯಾರೂ ಕೊಡದ ಪಾತ್ರ ಅದು, ಅಲ್ವಾ? ಇಲ್ಲಿಗೂ ಅದೇ ಸ್ಟೂಲು ಸಾಕಾಯಿತು. ಆದರೆ ಕೂರೋ ರೀತಿ ತಿರುಗುಮುರುಗು: ಬೆನ್ನು ಬಾಗಿದೆ, ಮಂಡಿ ಮಡಚಿದೆ, ಕಾಲು ಸುಮ್ಮನಿದೆ, ಕೈ ಮಾತ್ರ ಎಚ್ಚರವಾಗಿದೆ. ನೋಡುವವರಿಗೆ ಹೊತ್ತು ಬೇಕು ಅಂತ ಮಾತೇ ಇಟ್ಟಿಲ್ಲ.

ವಾಪಸ್ ಬಂದ ಮೇಲೆ ‘ಬ್ಲ್ಯಾಕ್ ನಾರ್ಸಿಸಸ್’ (1947) ಬಿಟ್ಟರೆ ಹೇಳಿಕೊಳ್ಳುವಂಥ ಪಾತ್ರ ಸಿಕ್ಕಿದ್ದು ಕಮ್ಮಿ. 1952ರಲ್ಲಿ ಇಟಲಿಯಲ್ಲಿ, ಅಲ್ಲಿನ ನಟ-ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾ ಜೊತೆ ಮಾಡಿದ ಚಿತ್ರದಲ್ಲೂ ಮತ್ತೆ ಆನೆ. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು 39. ಕೊನೆಯ ಚಿತ್ರ ಬಿಡುಗಡೆಯಾದದ್ದು ಮರುವರ್ಷ. ಇಷ್ಟನ್ನೂ ಪೆಟ್ಟಿಗೆ ಕಟ್ಟುತ್ತಾ, ದನಿ ಏರಿಸದೆ ಹೇಳುತ್ತೇನೆ.

ಈಗ ಶಾಲೆಗಳಿಗೆ ಅಂತ ಅರ್ಧ ಗಂಟೆಯ ರೂಪ ಮಾಡುತ್ತಿದ್ದೇನೆ. ರುಮಾಲಿನ ಭಾಗ ಹೋಯಿತು. ಸಾಸೇಜು, ಬಿ-24 ಎರಡೂ ಉಳಿದಿವೆ.