ಈ ಅದಿರು ಸಯನೈಡಿಗೆ ಒಗ್ಗುತ್ತದಾ? ಬಾಟಲ್ ಉರುಳಿಸಿ ತಿಳಿಯುವ ಬಗೆ

ಚಿನ್ನದ ಅದಿರಿನ ಸ್ಯಾಂಪಲ್ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಟನ್ನಿಗೆ ಎಷ್ಟು ಗ್ರಾಂ? ವರ್ಷಗಟ್ಟಲೆ ಅದಿರು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದ ನನಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಸಯನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯಲು ಹೋದರೆ ಆ ಚಿನ್ನವನ್ನು ಕಲ್ಲು ಬಿಟ್ಟುಕೊಡುತ್ತದಾ? ಅದಿರಿನ ಪುಡಿಯನ್ನು ಆ ದ್ರಾವಣದ ಜೊತೆ ಬಾಟಲಿಯಲ್ಲಿ ಉರುಳಿಸಿ ಇದನ್ನು ತಿಳಿಯುತ್ತೇವೆ. ಟನ್ನಿಗೆ 8 ಗ್ರಾಂ ಇದ್ದೂ ಅರ್ಧಕ್ಕರ್ಧ ಒಳಗೇ ಹಿಡಿದಿಟ್ಟುಕೊಳ್ಳುವ ಅದಿರಿದೆ. 2 ಗ್ರಾಂ ಇದ್ದು ಒಂದೇ ದಿನದಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕೊಟ್ಟುಬಿಡುವ ಅದಿರೂ ಇದೆ.

ಮೊದಲೇ ಒಂದು ಮಾತು. ಈ ಪರೀಕ್ಷೆ ಮನೆಯಲ್ಲೋ ಶೆಡ್ಡಿನಲ್ಲೋ ಮಾಡುವ ಕೆಲಸ ಅಲ್ಲ. ಪರವಾನಗಿ ಇರುವ ಲ್ಯಾಬ್, ಫ್ಯೂಮ್ ಹುಡ್ (ಅನಿಲವನ್ನು ಹೊರಗೆಳೆಯುವ ಗೂಡು), ಗ್ಯಾಸ್ ಅಲಾರಂ, ಜೊತೆಗೆ ತರಬೇತಿ ಪಡೆದ ಇನ್ನೊಬ್ಬರು ಇರಲೇಬೇಕು. ಸಯನೈಡ್ ದ್ರಾವಣದ ಪಿಎಚ್ ಇಳಿದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ಪಿಎಚ್ 9.2ರ ಹೊತ್ತಿಗೆ ಅರ್ಧ ಸಯನೈಡ್ ಆ ರೂಪಕ್ಕೆ ತಿರುಗಿರುತ್ತದೆ. ಅದರ ವಾಸನೆ ಕೆಲವರಿಗೆ ತಿಳಿಯುವುದೇ ಇಲ್ಲ. ಹಾಗಾಗಿ ಮೂಗನ್ನು ನಂಬಬೇಡಿ, ಮೀಟರನ್ನು ನಂಬಿ. ಆ ಮೇಜಿನ ಹತ್ತಿರ ಆಮ್ಲದ ಬಾಟಲಿಯನ್ನು ನಾನು ಇಡಲೂ ಬಿಡುವುದಿಲ್ಲ.

ಸಯನೈಡ್ ಮುಟ್ಟುವ ಮೊದಲು ಅದಿರನ್ನು ಕಣ್ಣಿಂದ ನೋಡಿ. ಒಡೆದ ಚೂರನ್ನು ಒದ್ದೆ ಮಾಡಿ, ಲೆನ್ಸ್ ಹಿಡಿಯಿರಿ. ತುಕ್ಕಿನ ಬಣ್ಣ ಇದ್ದರೆ ಒಳ್ಳೆಯ ಸೂಚನೆ, ಸಲ್ಫೈಡ್ (ಗಂಧಕ ಸೇರಿದ ಖನಿಜ) ಆಗಲೇ ಕೊಳೆತು ಚಿನ್ನಕ್ಕೆ ದಾರಿ ಬಿಟ್ಟಿರಬಹುದು. ಹಸಿರು, ನೀಲಿ ಕಲೆ ಕಂಡರೆ ತಾಮ್ರ. ಬೆರಳಿಗೆ ಮಸಿ ಹತ್ತಿದರೆ ಇಂಗಾಲದ ಅನುಮಾನ ಇಟ್ಟುಕೊಳ್ಳಿ. ತಾಮ್ರ, ಆರ್ಸೆನಿಕ್, ಆಂಟಿಮನಿ, ಗಂಧಕ, ಸಾವಯವ ಇಂಗಾಲ ಇಷ್ಟನ್ನು ಅಳೆಸಿಬಿಡಿ. ಆಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಇನ್ನು ಚಿನ್ನದ ಅಳತೆ. ಫೈರ್ ಅಸ್ಸೇಗೆ, ಅಂದರೆ ಕುಲುಮೆಯಲ್ಲಿ ಕರಗಿಸಿ ಚಿನ್ನ ಅಳೆಯುವುದಕ್ಕೆ, ಹೋಗುವುದು ಸಾಮಾನ್ಯವಾಗಿ 30 ಗ್ರಾಂ ಪುಡಿ. ಒಂದೇ ಸ್ಯಾಂಪಲಿನ ಮೂರು ಅಳತೆ 2, 7, 3 ಎಂದು ಬಂದರೆ ಲ್ಯಾಬಿನವರನ್ನು ಬೈಯಬೇಡಿ. ದಪ್ಪ ಚಿನ್ನದ ಕಾಳುಗಳಿದ್ದಾಗ ಹೀಗೇ ಆಗುತ್ತದೆ. ಅಂಥದ್ದಕ್ಕೆ ಒಂದು ಕಿಲೋದಷ್ಟು ಪುಡಿಯನ್ನು ಜರಡಿ ಹಿಡಿದು, ದಪ್ಪ ಭಾಗವನ್ನು ಪೂರ್ತಿಯಾಗಿ ಬೇರೆ ಅಳೆಸಬೇಕು. ದಪ್ಪ ಕಾಳಿಗೆ ಹೊತ್ತೂ ಜಾಸ್ತಿ ಬೇಕು. ಎಲ್ಲ ಅನುಕೂಲ ಇದ್ದರೂ 45 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಾಳು ಸಯನೈಡಿನಲ್ಲಿ ಕರಗಲು ಸುಮಾರು 13 ಗಂಟೆ, 150 ಮೈಕ್ರಾನಿನದಕ್ಕೆ 44 ಗಂಟೆ ಹಿಡಿಯುತ್ತದೆ.

ಈಗ ಬಾಟಲ್. ಅದಿರಿನ ನೂರರಲ್ಲಿ ಎಂಬತ್ತು ಪಾಲು 75 ಮೈಕ್ರಾನ್ ಜರಡಿಯಲ್ಲಿ ಇಳಿಯುವಷ್ಟು ನುಣ್ಣಗೆ ಅರೆಯಿರಿ. ಒಂದು ಕಿಲೋ ಪುಡಿ, ಒಂದೂವರೆ ಲೀಟರ್ ನೀರು. ಮೊದಲು ಸುಣ್ಣ, ಆಮೇಲೆ ಸಯನೈಡ್. ಈ ಕ್ರಮ ಎಂದೂ ತಪ್ಪಬಾರದು. ಸುಣ್ಣ ಹಾಕಿ ಉರುಳಿಸಿ, ಪಿಎಚ್ 10.5ರಿಂದ 11ರ ನಡುವೆ ನಿಂತಿದೆಯಾ ಅಂತ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಕೆಲವು ಅದಿರು ಹಾಕಿದ ಸುಣ್ಣವನ್ನೆಲ್ಲ ನುಂಗಿ ಮತ್ತೆ ಕೆಳಗಿಳಿಯುತ್ತದೆ. ನಿಂತ ಮೇಲೆ ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಸೋಡಿಯಂ ಸಯನೈಡ್. ಬಾಟಲಿಯ ಮುಚ್ಚಳದಲ್ಲಿ ತೂತಿರಲಿ, ಚಿನ್ನ ಕರಗಲು ಆಮ್ಲಜನಕವೂ ಬೇಕಲ್ವಾ?

2, 4, 8, 24, 48ನೇ ಗಂಟೆಗೆ ಸ್ವಲ್ಪ ದ್ರಾವಣ ತೆಗೆದು ಸೋಸಿ, ಚಿನ್ನ ಅಳೆಯಿರಿ. ತಾಮ್ರವನ್ನೂ ಅಳೆಯಿರಿ. ಉಳಿದ ಸಯನೈಡನ್ನು ತಿಳಿಯಲು ಪೊಟ್ಯಾಸಿಯಂ ಅಯೋಡೈಡ್ ಸೇರಿಸಿ, ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಡಬೇಕು. ಫ್ಲಾಸ್ಕ್ ಹಿಂದೆ ಕಪ್ಪು ಕಾಗದ ಇಟ್ಟುಕೊಳ್ಳಿ. ಹನಿ ಬಿದ್ದಲ್ಲಿ ಹೊಗೆಯಂತೆ ಮಸುಕಾಗಿ ಮತ್ತೆ ತಿಳಿಯಾಗುತ್ತದೆ, ಇನ್ನೊಂದು ಹನಿ, ಮತ್ತೆ ತಿಳಿ. ಒಂದು ಹನಿಗೆ ತಿಳಿ ಹಳದಿ ಮಬ್ಬು ಹಾಗೇ ನಿಂತುಬಿಡುತ್ತದೆ. ಅಲ್ಲಿಗೆ ನಿಲ್ಲಿಸಿ. ಸಯನೈಡ್ ಎಷ್ಟು ಖರ್ಚಾಯಿತೋ ಅಷ್ಟು ಮತ್ತೆ ಸೇರಿಸಿ, ಬರೆದಿಡಿ. ಕರಗಿದ ಒಂದೊಂದು ಗ್ರಾಂ ತಾಮ್ರವೂ ಎರಡು ಗ್ರಾಮಿಗಿಂತ ಜಾಸ್ತಿ ಸಯನೈಡ್ ತಿನ್ನುತ್ತದೆ. ಚಿನ್ನ ಚೆನ್ನಾಗಿ ಬಂದರೂ ಈ ಖರ್ಚೇ ಕೆಲವೊಮ್ಮೆ ಯೋಜನೆಯನ್ನು ಮುಳುಗಿಸುತ್ತದೆ. ಪಿರ್ಹೊಟೈಟ್ ಎಂಬ ಕಬ್ಬಿಣದ ಸಲ್ಫೈಡ್ ಇದ್ದರೆ ಆಮ್ಲಜನಕವೂ ಖಾಲಿಯಾಗುತ್ತದೆ, ಅದರ ಮೀಟರನ್ನೂ ಇಳಿಬಿಟ್ಟು ನೋಡಿ.

ಕೊನೆಗೆ ಸೋಸಿ, ಚೆನ್ನಾಗಿ ತೊಳೆದು, ಉಳಿದ ಪುಡಿಯನ್ನು ಫೈರ್ ಅಸ್ಸೇಗೆ ಕಳಿಸಿ. ನನಗೆ ಅತಿ ಮುಖ್ಯ ಈ ಪುಡಿಯೇ. ಒಂದು ಲೆಕ್ಕ ಹಾಕೋಣ. ದ್ರಾವಣದಲ್ಲಿ ಲೀಟರಿಗೆ 1.8 ಮಿಲಿಗ್ರಾಂ ಚಿನ್ನ, ಒಂದೂವರೆ ಲೀಟರಿಗೆ 2.7. ಉಳಿದ ಪುಡಿಯಲ್ಲಿ 0.3. ಒಟ್ಟು 3 ಮಿಲಿಗ್ರಾಂ, ಅಂದರೆ ಟನ್ನಿಗೆ 3 ಗ್ರಾಂ, ಬಿಟ್ಟುಕೊಟ್ಟದ್ದು ಶೇಕಡಾ 90. ನಡುವೆ ತೆಗೆದ ಸ್ಯಾಂಪಲುಗಳ ಚಿನ್ನವನ್ನೂ ಇದಕ್ಕೆ ಕೂಡಿಸಬೇಕು, ಮರೆಯಬೇಡಿ. ಈ 3, ಮೊದಲು ಅಳೆಸಿದ ಅಂಕಿಗೆ ಹತ್ತಿರ ಇದೆಯಾ? ಇಲ್ಲದಿದ್ದರೆ 90 ಎಂಬ ಮಾತನ್ನು ಯಾರಿಗೂ ಹೇಳಬೇಡಿ, ಮತ್ತೆ ಮಾಡಿ.

ಶೇಕಡಾ 90 ದಾಟಿದರೆ ಸಲೀಸಾದ ಅದಿರು. 80ಕ್ಕಿಂತ ಕೆಳಗಾದರೆ ಕಾರಣ ಹುಡುಕಬೇಕು. ಉಳಿದ ಪುಡಿಯನ್ನು ಇನ್ನೂ ನುಣ್ಣಗೆ ಅರೆದು ಮತ್ತೆ ಉರುಳಿಸಿ. ಆಗ ಬಂದರೆ ಅರೆತ ಸಾಲದೆ ಹೋಗಿತ್ತು, ಅಷ್ಟೇ. ಆಗಲೂ ಬರದಿದ್ದರೆ ಚಿನ್ನ ಪೈರೈಟ್ ಅಥವಾ ಆರ್ಸೆನೋಪೈರೈಟ್ ಎಂಬ ಸಲ್ಫೈಡ್ ಖನಿಜದ ಹೊಟ್ಟೆಯೊಳಗೆ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಹುರಿಯುವುದು, ಒತ್ತಡದಲ್ಲಿ ಆಕ್ಸಿಡೀಕರಣ, ಬ್ಯಾಕ್ಟೀರಿಯಾ ಇಂಥ ಬೇರೆ ದಾರಿಗಳಿವೆ. ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಲ್ಲಿ ಬ್ಯಾಕ್ಟೀರಿಯಾ ವಿಧಾನ 1986ರಿಂದಲೇ ನಡೆಯಿತು.

ಒಂದು ಸಲ ನನಗೆ ಬೂದುಗಪ್ಪು ಅದಿರು ಬಂದಿತ್ತು. 2ನೇ ಗಂಟೆಗೆ ಲೀಟರಿಗೆ 0.8 ಮಿಲಿಗ್ರಾಂ ಚಿನ್ನ, 8ನೇ ಗಂಟೆಗೆ 1.1. 24ನೇ ಗಂಟೆಗೆ 0.5! ಯಂತ್ರ ಕೆಟ್ಟಿದೆ ಅಂದುಕೊಂಡು ಸ್ಟ್ಯಾಂಡರ್ಡ್ (ಚಿನ್ನದ ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣ) ಹಾಕಿ ನೋಡಿದೆ, ಸರಿಯಾಗಿತ್ತು. 48ನೇ ಗಂಟೆಗೆ 0.3. ಕರಗಿದ ಚಿನ್ನವನ್ನು ಅದಿರಿನ ಇಂಗಾಲವೇ ಮತ್ತೆ ಹೀರಿಕೊಳ್ಳುತ್ತಿತ್ತು. ಅಮೆರಿಕದ ನೆವಾಡಾ ರಾಜ್ಯದ ಕಾರ್ಲಿನ್ ಅದಿರುಗಳು ಇದಕ್ಕೆ ಹೆಸರುವಾಸಿ. ಕೊನೆಯ ಸ್ಯಾಂಪಲ್ ಮಾತ್ರ ತೆಗೆದಿದ್ದರೆ ನಾನು ಚಿನ್ನ ಕರಗಲೇ ಇಲ್ಲ ಎಂದು ವರದಿ ಬರೆಯುತ್ತಿದ್ದೆ. ಅದೇ ಅದಿರಿನ ಇನ್ನೊಂದು ಬಾಟಲಿಗೆ ಸಯನೈಡಿನ ಜೊತೆಗೇ ಲೀಟರಿಗೆ 20 ಗ್ರಾಂ ಸಕ್ರಿಯ ಇಂಗಾಲದ ಹರಳು ಹಾಕಿದೆ. ಅದಿರಿಗಿಂತ ಮೊದಲು ಹರಳುಗಳು ಚಿನ್ನ ಹಿಡಿದವು. ಜರಡಿಯಲ್ಲಿ ಹರಳು ಬೇರೆ ಮಾಡಿ ಸುಟ್ಟು ಅಳೆದಾಗ ಚಿನ್ನದ ಬಹುಪಾಲು ಅಲ್ಲೇ ಸಿಕ್ಕಿತು. ಅಂದಿನಿಂದ ಕಪ್ಪು ಅದಿರು ಬಂದರೆ ನಾನು ಎರಡು ಬಾಟಲಿ ಒಟ್ಟಿಗೇ ಹೂಡುತ್ತೇನೆ, ಒಂದು ಹರಳಿನ ಜೊತೆ, ಒಂದು ಹರಳಿಲ್ಲದೆ.

ಅದಿರನ್ನು ರಾಶಿ ಹಾಕಿ ಮೇಲಿಂದ ದ್ರಾವಣ ಸುರಿಸುವ ಯೋಚನೆ ಇದ್ದರೆ ಬಾಟಲಿನ ಅಂಕಿ ಸಾಲದು. ಜಲ್ಲಿ ಗಾತ್ರದ ಅದಿರನ್ನು ಎತ್ತರದ ಕೊಳವೆಯಲ್ಲಿ ತುಂಬಿ, ಎರಡು ಮೂರು ತಿಂಗಳು ಹನಿಸಿ ನೋಡಬೇಕು. ಜೇಡಿ ಜಾಸ್ತಿ ಇದ್ದರೆ ದ್ರಾವಣ ಕೆಳಗಿಳಿಯದೆ ಮೇಲೆಯೇ ನಿಲ್ಲುತ್ತದೆ. ಅಂಥ ಪುಡಿಗೆ ಸಿಮೆಂಟ್ ಅಥವಾ ಸುಣ್ಣ ಬೆರೆಸಿ ಉಂಡೆಗಟ್ಟಿಸಿ, ಹೊಸ ಕೊಳವೆ ತುಂಬಿ, ಮೊದಲಿಂದ ಹನಿಸಿ.