ಊರಿಂದ ತಂದ ಕಲ್ಲಿನಲ್ಲಿ ಲಿಥಿಯಂ ಇದೆಯಾ? ತೂಗಿ ನೋಡಿ

ಮಂಡ್ಯದ ಮರಳಗಾಲ–ಅಲ್ಲಾಪಟ್ಟಣದಲ್ಲಿ 1,600 ಟನ್ ಲಿಥಿಯಂ ಇರಬಹುದು ಅಂತ 2021ರಲ್ಲಿ ಸುದ್ದಿ ಬಂದದ್ದೇ ಬಂದದ್ದು, ಪುಣೆಯ ನಮ್ಮ ಕನ್ನಡದವರು ಊರಿಗೆ ಹೋದಾಗಲೆಲ್ಲ ಬಿಳಿ ಕಲ್ಲು ಹೊತ್ತು ತರುತ್ತಾರೆ. "ಸರ್, ಇದು ಅದೇನಾ ನೋಡಿ" ಅಂತ ನನ್ನ ಕೈಗಿಡುತ್ತಾರೆ. ಹೆಚ್ಚಿನವು ಬರೀ ಬೆಣಚುಕಲ್ಲು.

ಲಿಥಿಯಂ ಇರುವುದು ಪೆಗ್ಮಟೈಟ್ ಎಂಬ ದಪ್ಪ ಹರಳಿನ ಕಲ್ಲಿನಲ್ಲಿ, ಅದೂ ಕೆಲವದರಲ್ಲಿ ಮಾತ್ರ. ಸಕ್ಕರೆ ಹರಳುಗಟ್ಟಿದ ಮೇಲೆ ಕಾಕಂಬಿ ಉಳಿಯುತ್ತದಲ್ವಾ, ಹಾಗೇ ಇದು. ಗ್ರಾನೈಟ್ ಆಗುವ ಕರಗಿದ ಕಲ್ಲಿನ ರಸ ಆರುತ್ತಾ ಬಂದಂತೆ, ಅದರ ಸಾಮಾನ್ಯ ಖನಿಜಗಳಾದ ಬೆಣಚು, ಫೆಲ್ಡ್‌ಸ್ಪಾರ್ ಹರಳಿನೊಳಗೆ ಜಾಗ ಸಿಗದ ಲಿಥಿಯಂ, ಬೆರಿಲಿಯಂ, ಟ್ಯಾಂಟಲಂ ಕೊನೆಯ ರಸದಲ್ಲಿ ಸೇರಿಕೊಳ್ಳುತ್ತವೆ; ಅದು ಗಟ್ಟಿಯಾದರೆ ಪೆಗ್ಮಟೈಟ್. ಪುಣೆಯ ಗುಡ್ಡಗಳಲ್ಲಿ ಹುಡುಕಬೇಡಿ. ಇಲ್ಲಿರುವುದು ಲಾವಾದ ಕಪ್ಪು ಬಸಾಲ್ಟ್. ಅದರ ಪೊಟರೆಯ ಬಿಳಿ ಹರಳು ಹೆಚ್ಚಾಗಿ ಜಿಯೋಲೈಟ್ ಎಂಬ ಬೇರೆ ಖನಿಜ.

ನಾವು ಹುಡುಕುವ, ಲಿಥಿಯಂ ಇರುವ ಖನಿಜ ಸ್ಪೊಡ್ಯುಮೀನ್. ಗಾಜು ಗೀಚುವ ಪರೀಕ್ಷೆ ಸುಮ್ನೆ ದಂಡ: ಬೆಣಚು, ಫೆಲ್ಡ್‌ಸ್ಪಾರ್, ಸ್ಪೊಡ್ಯುಮೀನ್ ಮೂರೂ ಗೀಚುತ್ತವೆ. ಫೋಟೊ ನೋಡಿ ಕಲ್ಲಿನ ಹೆಸರು ಹೇಳುವ ಆ್ಯಪ್‌ಗಳನ್ನಂತೂ ಅಳಿಸಿಬಿಡಿ.

ಉದ್ದುದ್ದ ಪಟ್ಟಿಯ ಹಾಗಿರುವ, ಸಿಬಿರು ಸಿಬಿರಾಗಿ ಸೀಳುವ, ಒಂದೇ ಖನಿಜದ ತುಂಡು ಆರಿಸಿ. 100 ಗ್ರಾಮಿಗಿಂತ ಜಾಸ್ತಿ ಇರಲಿ. ತೊಳೆದು ಒಣಗಿಸಿ, ತೂಗಿ, ಬರೆದಿಡಿ.

ಎಲ್ಲರೂ ಎಡವುವುದು ಇನ್ನು ಮುಂದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ. ಕಲ್ಲಿಗೆ ತೆಳು ದಾರ ಕಟ್ಟಿ, ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಗೋಡೆಗೂ ತಾಗಬಾರದು. ದಾರ ಕೈಯಲ್ಲಿ ಹಿಡಿದರೆ ನಡುಗುತ್ತದೆ; ಪಕ್ಕದ ಡಬ್ಬದ ಮೇಲೆ ಸೌಟು ಅಡ್ಡ ಇಟ್ಟು ಅದಕ್ಕೆ ಕಟ್ಟಿ. ಕಲ್ಲಿಗಂಟಿದ ಗಾಳಿಗುಳ್ಳೆಗಳನ್ನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ಕಲ್ಲು ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಸಿಗುತ್ತದೆ.

ಗೆಳೆಯರೊಬ್ಬರ ಕಲ್ಲು 126 ಗ್ರಾಂ ಇತ್ತು. ನೀರಲ್ಲಿ 48 ತೋರಿಸಿತು, ಅಂದರೆ 2.6. "ಫೆಲ್ಡ್‌ಸ್ಪಾರ್" ಅಂತ ಬಿಸಾಡಲು ಹೊರಟಿದ್ದರು. ಬಗ್ಗಿ ನೋಡಿದರೆ ಕಲ್ಲಿನ ಮೂಲೆ ತಳಕ್ಕೆ ತಾಗಿತ್ತು. ಎರಡು ಬೆರಳು ಎತ್ತಿ ಕಟ್ಟಿದ ಮೇಲೆ 40, ಅಂದರೆ 3.15!

ಬೆಣಚು 2.65ರ ಆಸುಪಾಸು, ಫೆಲ್ಡ್‌ಸ್ಪಾರ್ 2.55ರಿಂದ 2.75. ಸ್ಪೊಡ್ಯುಮೀನ್ 3.1–3.2. ಅದೇ ಅಂಕಿ ಕೊಡುವ ಅಪಟೈಟ್ ಎಂಬ ಖನಿಜ ಕೂಡ ಇದೆ, ಆದರೆ ಅದರ ಮೇಲೆ ಚಾಕುವಿನ ಗೀರು ಬೀಳುತ್ತದೆ. ಬಿಸಿಲು ಮಳೆಗೆ ಮಣ್ಣಾಗುತ್ತಿರುವ ಸ್ಪೊಡ್ಯುಮೀನ್ ಹಗುರಾಗಿರುತ್ತದೆ. ಒಳಗಿನ ಗಟ್ಟಿ ಭಾಗ ಒಡೆದು ತೂಗಿ.

ಅಂಕಿ ಸರಿಬಂತು ಅಂತ ಪುಣೆಯ ಚಿನ್ನದಂಗಡಿಗಳ ಲಕ್ಷ್ಮಿ ರಸ್ತೆಗೆ ಓಡಬೇಡಿ. ಚಿನ್ನದ ಕ್ಯಾರೆಟ್ ನೋಡುವ ಎಕ್ಸ್‌ರೇ ಯಂತ್ರಕ್ಕೆ ಲಿಥಿಯಂ ಕಾಣುವುದೇ ಇಲ್ಲ, ಅದು ಅಷ್ಟು ಹಗುರ ಧಾತು. ಒಂದು ಅಂಗಡಿಯಲ್ಲಿ ದುಡ್ಡು ಕೊಟ್ಟು "ಇಲ್ಲ" ಅಂತ ಬರೆಸಿಕೊಂಡು ಬಂದವರಲ್ಲಿ ನಾನೂ ಒಬ್ಬ. ಲ್ಯಾಬಿನಲ್ಲಿ ಪುಡಿ ಮಾಡಿ, ಯಾವ ಧಾತು ಎಷ್ಟಿದೆ ಅಂತ ಅಳೆಯುವ ಐಸಿಪಿ ಪರೀಕ್ಷೆ ಮಾಡಿಸಿ. ಪುಡಿಗೆ ಕೊಡುವ ಮುನ್ನ ಅರ್ಧ ತುಂಡು ಮನೆಯಲ್ಲೇ ಇಟ್ಟುಕೊಳ್ಳಿ.